ಅಪ್ಪನಿಗೆ ಉಳಿದ ಮಾತು

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಪದ. ಅದೂ ಕನ್ನಡದ್ದಲ್ಲ. ‘ಅಪ್’. ನೀರು ಬೇಕಾದರೂ ಅಪ್, ಫ್ಯಾನು ನಿಲ್ಲಿಸಬೇಕಾದರೂ ಅಪ್, ಅಮ್ಮ ಎಲ್ಲಿ ಎಂದು ಕೇಳಬೇಕಾದರೂ ಅಪ್. ಆಸ್ಪತ್ರೆಯಲ್ಲಿ ಮೊದಲ ಸಲ ಅವರು ಹಾಗೆಂದಾಗ ನರ್ಸು, ನೋವಿಗೆ ‘ಅಪ್ಪಾ’ ಅನ್ನುತ್ತಿದ್ದಾರೆ ಎಂದುಕೊಂಡು ಅವರ ಹಣೆ ಸವರಿದಳು. ಅಮ್ಮ ಅವಳನ್ನು ತಿದ್ದಲಿಲ್ಲ. ನನಗೂ ಅಮ್ಮನಿಗೂ ಅದು ಅಪ್ಪನ ಕೆಲಸದ ಮಾತು ಎಂದು ಗೊತ್ತಿತ್ತು.

ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಖಲಾಸಿ. ಷೆಡ್ಡಿನ ಸೂರಿನ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ಕ್ರೇನು ಓಡಾಡುತ್ತದೆ. ಅದರ ಗೂಡಿನಲ್ಲಿ ಕೂತ ಡ್ರೈವರಿಗೆ ಕೆಳಗಿನದು ಪೂರ್ತಿ ಕಾಣುವುದಿಲ್ಲ. ಯಂತ್ರಗಳ ಸದ್ದಿನಲ್ಲಿ ಕೆಳಗಿನ ಮಾತೂ ಅಲ್ಲಿಗೆ ಕೇಳುವುದಿಲ್ಲ. ಕೆಳಗೆ ನಿಂತು, ಎತ್ತಬೇಕಾದ ಕಬ್ಬಿಣಕ್ಕೆ ಸರಪಳಿ ಬಿಗಿದು, ಬಲಗೈ ಸನ್ನೆಯಿಂದ ಡ್ರೈವರಿಗೆ ದಾರಿ ತೋರಿಸುವವನೇ ಖಲಾಸಿ. ತೋರುಬೆರಳನ್ನು ಮೇಲೆ ಮಾಡಿ ಸಣ್ಣಗೆ ಸುತ್ತಿದರೆ ಎತ್ತು ಎಂದು. ಅಂಗೈ ಕವುಚಿ ಮೆಲ್ಲಗೆ ತಗ್ಗಿಸಿದರೆ ಇಳಿಸು ಎಂದು. ಮುಷ್ಟಿ ಹಿಡಿದರೆ, ಇದ್ದಲ್ಲೇ ನಿಲ್ಲು. ಎತ್ತುವ ಸನ್ನೆಯ ಜೊತೆಗೆ ಮಾತ್ರ ಅಪ್ಪ ಬಾಯಲ್ಲೂ ಕೂಗುತ್ತಿದ್ದರು, ಅಕ್ಕಪಕ್ಕದವರು ಹಿಂದೆ ಸರಿಯಲಿ ಎಂದು: ಅಪ್. ಒಂದು ಪಾಳಿಯಲ್ಲಿ ಎಷ್ಟು ಸಲ ಎತ್ತುತ್ತಿದ್ದರೋ ಅಷ್ಟು ಸಲ. ಬದುಕಿನ ಅರ್ಧಕ್ಕೂ ಹೆಚ್ಚು ಕಾಲ ಪ್ರತಿದಿನ ಕೂಗಿದ ಮಾತು ಉಳಿದ ಮಾತುಗಳಿಗಿಂತ ಆಳದಲ್ಲಿ ಕೂತಿರಬೇಕು. ರಕ್ತ ಹೆಪ್ಪುಗಟ್ಟಿ ಮಿಕ್ಕದ್ದೆಲ್ಲ ಅಳಿಸಿಹೋದಾಗ ಅದೊಂದು ಹೋಗಲಿಲ್ಲ.

ಅದಕ್ಕಿಂತ ಒಂದೆರಡು ವರ್ಷ ಮೊದಲು, ನಾನು ಎಂ.ಎ. ಇಂಗ್ಲಿಷ್ ಓದುತ್ತಿದ್ದಾಗ, ಇದೇ ಪದದ ಬಗ್ಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಒಂದು ಮಾತುಕತೆಯಾಗಿತ್ತು. ನ್ಯೂಟೌನಿನ ಕಾರ್ಖಾನೆ ವಸತಿಯ ಮನೆ ಅದು. ಮುಂದೆ ಎರಡು ಮೆಟ್ಟಿಲು, ಒಂದು ದಾಸವಾಳದ ಗಿಡ, ಎದುರಿಗೆ ನಮ್ಮದೇ ಥರದ ಇನ್ನೊಂದು ಸಾಲು. ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡ ದಪ್ಪ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತಿದ್ದೆ. ಮೊದಲ ಪಾಳಿ ಮುಗಿಸಿ ಬಂದ ಅಪ್ಪ, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಕಾಫಿ ಕುಡಿಯುತ್ತಿದ್ದರು. ಅವರು ದಿನವೂ ಕೂಗುವ ಪದ ನನ್ನ ನಿಘಂಟಿನಲ್ಲಿ ಪುಟ ತುಂಬ ಹರಡಿಕೊಂಡಿತ್ತು. ನಾನು ಓದಿ ಹೇಳಿದೆ. ನಿದ್ದೆಯಿಂದ ಎದ್ದರೂ ಅಪ್, ಹಿಡಿದ ಕೆಲಸ ಕೈಬಿಟ್ಟರೂ ಅಪ್. ಬಾವಿ ಬತ್ತಿದರೂ ಅಪ್, ಮಗು ಬೆಳೆದರೂ ಅಪ್. ಮದುವೆಗೆ ಸಿಂಗರಿಸಿಕೊಂಡರೂ, ಜಗಳವಾಡಿ ಬೇರೆಯಾದರೂ, ಅವಧಿ ಮುಗಿದರೂ. ಬಾಯಿ ಮುಚ್ಚು ಅನ್ನುವುದಕ್ಕೂ ಅದೇ.

ಅಪ್ಪ ಲೋಟ ಕೆಳಗಿಟ್ಟರು.

“ಇಷ್ಟೆಲ್ಲ ಇಟ್ಕೊಂಡು ಇಂಗ್ಲಿಷ್‌ನೋರು ಕ್ರೇನ್ ಹೆಂಗೆ ನಡೆಸ್ತಾರೆ ಮಾರಾಯ್ತಿ?”

“ಸಂದರ್ಭ ನೋಡಿ ತಿಳ್ಕೋತಾರೆ.”

“ಸಂದರ್ಭ ನೋಡ್ತಾ ಕೂತ್ರೆ ಆಯ್ತು. ನಮ್ಮಲ್ಲಿ ಒಂದು ಮಾತಿಗೆ ಒಂದೇ ಅರ್ಥ. ಎರಡಾದ್ರೆ ಯಾರೋ ಒಬ್ರು ಮನೆಗೆ ಬರಲ್ಲ.”

ಒಳಗಿನಿಂದ ಅಮ್ಮ, ಬಾಯಿ ಮುಚ್ಚೋದಕ್ಕೆ ಏನೋ ಹೇಳಿದೆಯಲ್ಲ, ಅದೊಂದು ನಿಮ್ಮಪ್ಪನಿಗೆ ಸರಿಯಾಗಿ ಕಲಿಸು ಎಂದಳು. ಅಪ್ಪ ನಕ್ಕರು. ಅವರು ಮಾತಿನ ಮನುಷ್ಯ. ಕಾರ್ಖಾನೆಯಲ್ಲಿ ದಿನವೆಲ್ಲ ಸನ್ನೆಯಲ್ಲಿ ಕಳೆದದ್ದಕ್ಕೋ ಏನೋ, ಮನೆಗೆ ಬಂದರೆ ಊಟದ ತಟ್ಟೆ ಒಣಗುವವರೆಗೆ ಮಾತಾಡುತ್ತಿದ್ದರು. ನಾನು ಹುಟ್ಟಿನಿಂದಲೇ ಕಡಿಮೆ ಮಾತಿನವಳು. ನಮ್ಮಿಬ್ಬರ ಪಾಲಿನದನ್ನೂ ಅವರೇ ಆಡುತ್ತಿದ್ದರು.

ಓದು ಮುಗಿದ ಮೇಲೆ ನನಗೆ ಶಿವಮೊಗ್ಗದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಭದ್ರಾವತಿಯಿಂದ ದಿನವೂ ಅಪ್ ಅಂಡ್ ಡೌನ್. ನಮ್ಮ ಕಡೆ ಅಷ್ಟು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ: ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವವಳು, ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಇದರಲ್ಲಿ ಯಾವ ಊರು ಅಪ್, ಯಾವುದು ಡೌನ್ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ್ದ. ಸಂಬಳ ಬರುವ ಊರು ಅಪ್ಪು ಮೇಡಂ ಎಂದು ಪಕ್ಕದವನೇ ಉತ್ತರ ಕೊಟ್ಟ. ಅಪ್ಪನಿಗೆ ಹೇಳಿದೆ. ಅವರು ಒಂದು ವಾರ ಅದನ್ನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದರು.

ಅದೇ ವರ್ಷದ ಒಂದು ಬೆಳಿಗ್ಗೆ, ಮೊದಲ ಪಾಳಿಗೆ ಹೊರಟವರು ಬಾಗಿಲ ಬಳಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು. ಕಟ್ಟುತ್ತಲೇ ಇದ್ದರು. ಕಾರ್ಖಾನೆಯ ಸೈರನ್ ಆಯಿತು. ಅಮ್ಮ, “ಹೊತ್ತಾಯ್ತು, ಏಳಿ” ಎಂದಳು. ಅವರು ತಲೆಯೆತ್ತಿ ಅವಳನ್ನು ನೋಡಿದರು. ಬಾಯಿಯ ಒಂದು ಮೂಲೆ ಇಳಿದಿತ್ತು. ಎಡಗೈ ಲೇಸನ್ನು ಹಿಡಿದೇ ಇತ್ತು. ಬಲಗೈ ಹೊಸ್ತಿಲ ಮೇಲೆ ಬಿದ್ದಿತ್ತು, ಬೇರೆ ಯಾರೋ ಇಟ್ಟುಹೋದ ಸಾಮಾನಿನಂತೆ.

ಬಲಗೈ ಮತ್ತು ಮಾತು ಒಟ್ಟಿಗೆ ಹೋಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ ಎಂದು ಆಮೇಲೆ ತಿಳಿಯಿತು. ಸನ್ನೆ ಮಾಡುವ ಕೈಯೂ ಹೋಯಿತು, ಸನ್ನೆಗೆ ಬದಲಾಗಿ ಆಡಬಹುದಾಗಿದ್ದ ಮಾತೂ ಹೋಯಿತು. ಬೆಳಗಿನ ಪೂಜೆ ಮಾತ್ರ ನಿಲ್ಲಲಿಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಆ ಕೈ ಚೆನ್ನಾಗಿತ್ತು. ಅಮ್ಮ ತನ್ನ ಬಲಗೈಯಿಂದ ನೀರು ಹಾಕಿ, ವಿಭೂತಿ ಇಟ್ಟು, ಪತ್ರೆ ಏರಿಸುತ್ತಿದ್ದಳು. ಅಪ್ಪ ಅಂಗೈಯನ್ನು ನೋಡುತ್ತ ಬಹಳ ಮೆಲ್ಲಗೆ, “ಅಪ್... ಅಪ್...” ಎಂದು ಮಂತ್ರದ ಲಯದಲ್ಲಿ ಹೇಳುತ್ತಿದ್ದರು. ಲಯದಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ.

ನಿಘಂಟಿನಲ್ಲಿ ಓದಿದ್ದಕ್ಕಿಂತ ಹೆಚ್ಚು ಅರ್ಥಗಳನ್ನು ನಾವು ಆ ತಿಂಗಳುಗಳಲ್ಲಿ ಕಲಿತೆವು. ಎರಡು ಸಲ ಬೇಗಬೇಗ ಅಂದರೆ ನೀರು. ಕೊನೆಗೆ ಎಳೆದರೆ, ಹೊರಗೆ ಯಾರೋ ಬಂದಿದ್ದಾರೆ. ಸೈರನ್ ಆದಾಗ ಗಡಿಯಾರ ನೋಡಿ ಹೇಳುವ ಅಪ್ ಬೇರೆ. ಅದರಲ್ಲಿ ಸಮಯ ಸರಿಯಾಗಿದೆ ಅನ್ನುವ ತೃಪ್ತಿ ಇರುತ್ತಿತ್ತು. ಕರೆಂಟು ಹೋದಾಗ ಅದೇ ಪದ ಬೈಗುಳ. ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತ, ಅಂಪೈರ್ ಬೆರಳೆತ್ತುವ ಮೊದಲೇ ಇವರು ಅಪ್ ಅನ್ನುತ್ತಿದ್ದರು. ಆ ಒಂದು ಕಡೆ ಅವರ ಮಾತು ಜಗತ್ತಿನ ಮಾತಿಗೆ ಸರಿಯಾಗಿ ಹೊಂದುತ್ತಿತ್ತು. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಗಟ್ಟಿಯಾಗಿ ಒಂದು ಅಪ್: ಬಸ್ಸು ತಪ್ಪೀತು, ಬೇಗ ನಡೆ. ಅಮ್ಮನನ್ನು ಮೊದಲು ‘ಇವಳೇ’ ಎಂದು ಕರೆಯುತ್ತಿದ್ದರು. ಈಗ ಅದೇ ರಾಗದಲ್ಲಿ, ಅಷ್ಟೇ ಉದ್ದಕ್ಕೆ ಅಪ್. ಅಮ್ಮ ಅಡುಗೆಮನೆಯಿಂದ, “ಬಂದೇರೀ” ಅನ್ನುತ್ತಿದ್ದಳು. ಬಚ್ಚಲಿಗೆ ಹೋಗಬೇಕಾದಾಗ ಮಾತ್ರ ಗೋಡೆಯ ಕಡೆ ತಿರುಗಿ, ಕೇಳಿಸಿಯೂ ಕೇಳಿಸದ ಹಾಗೆ ಹೇಳುತ್ತಿದ್ದರು. ಅದನ್ನು ನಾನು ಎಲ್ಲಕ್ಕಿಂತ ಮೊದಲು ಕಲಿತೆ.

ಆದರೆ ನಮಗೆ ತಿಳಿಯದ ಅಪ್‌ಗಳೂ ಇದ್ದವು. ಅವರು ಒಂದು ಇಡೀ ವಾಕ್ಯವನ್ನು ಕಟ್ಟುತ್ತಿದ್ದಾರೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹುಬ್ಬು ಏರುತ್ತಿತ್ತು, ಎಡಗೈ ಗಾಳಿಯಲ್ಲಿ ಏನನ್ನೋ ಅಳೆಯುತ್ತಿತ್ತು, ‘ಅಪ್ ಅಪ್, ಅಪ್... ಅಪ್?’ ಎಂದು ಕೊನೆಯಲ್ಲಿ ಪ್ರಶ್ನೆಯಾಗಿ ನಿಲ್ಲುತ್ತಿತ್ತು. ನಾವು ಒಂದೊಂದಾಗಿ ಹೇಳಿ ನೋಡುತ್ತಿದ್ದೆವು. ಹಸಿವಾ? ಸೆಖೆಯಾ? ಚಿಕ್ಕಪ್ಪನಿಗೆ ಫೋನ್ ಮಾಡ್ಬೇಕಾ? ಎಲ್ಲಕ್ಕೂ ತಲೆಯಾಡಿಸಿ ಇಲ್ಲವೆಂದು, ಕೊನೆಗೆ ನಮ್ಮ ಮೇಲೆ ಕರುಣೆ ಬಂದವರಂತೆ ಯಾವುದೋ ಒಂದಕ್ಕೆ ಹೌದೆಂದುಬಿಡುತ್ತಿದ್ದರು. ನಾವು ಫ್ಯಾನು ಹಾಕುತ್ತಿದ್ದೆವು. ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರಿಗೆ ಬೇಕಿದ್ದದ್ದು ಫ್ಯಾನು ಅಲ್ಲ ಎಂದು ನನಗೆ ಗೊತ್ತಿರುತ್ತಿತ್ತು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಾತಿನ ಚಿಕಿತ್ಸೆ ಕೊಡುವವರೊಬ್ಬರಿದ್ದಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಕ್ಲಿನಿಕ್ಕು. ನನಗಿಂತ ಸ್ವಲ್ಪ ದೊಡ್ಡವಳಾದ, ನೇರವಾಗಿ ಮಾತಾಡುವ ಹೆಂಗಸು ಅಲ್ಲಿದ್ದಳು. ಅಪ್ಪನನ್ನು ಬಹಳ ಹೊತ್ತು ಪರೀಕ್ಷಿಸಿದ ಮೇಲೆ ನಮ್ಮ ಕಡೆ ತಿರುಗಿದಳು. ನಿಮ್ಮ ಮಾತು ಅವರಿಗೆ ಪೂರ್ತಿ ತಿಳಿಯುತ್ತದೆ, ಅವರು ಹೇಳಬೇಕಾದದ್ದೂ ಒಳಗೆ ಇದೆ, ಹೊರಗೆ ಬರುವ ದಾರಿ ಮುಚ್ಚಿದೆ ಎಂದಳು.

“ಒಂದೇ ಪದದಲ್ಲಿ ನಿಂತಿದ್ದಾರೆ. ಎರಡನೇದು ಬರ್ಲಿ. ಅದು ಬಂದ್ರೆ ಅದರ ಹಿಂದೆ ಬೇರೆಯವೂ ಬರಬಹುದು. ಬರದೇ ಇದ್ರೆ, ಇಷ್ಟೇ ಅಂತ ನಾವು ಒಪ್ಕೋಬೇಕಾಗುತ್ತೆ.”

ಮೊದಲ ಕೆಲವು ತಿಂಗಳು ಮುಖ್ಯ, ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಸಬೇಕು ಎಂದೂ ಹೇಳಿದಳು. ಅಂದಿನಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ಎರಡನೆಯ ಪದ. ಅದು ನನ್ನ ಹೆಸರೇ ಆಗಬೇಕೆಂದಿರಲಿಲ್ಲ. ಉಪ್ಪು ಆಗಬಹುದಿತ್ತು, ಬಾಗಿಲು ಆಗಬಹುದಿತ್ತು, ಒಂದು ಬೈಗುಳವಾಗಬಹುದಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅಪ್ಪನ ನಾಲಿಗೆಗೆ ಸುಲಭವಾಗಬಹುದಾದ ಪದಗಳನ್ನು ಹುಡುಕುತ್ತಿದ್ದೆ.

ಪ್ರತಿ ಶನಿವಾರ ಅಮ್ಮ ಅಪ್ಪನನ್ನು ಕರೆದುಕೊಂಡು ಬರುತ್ತಿದ್ದಳು. ನಾನು ಕಾಲೇಜು ಮುಗಿಸಿ, ಆಲ್ಕೊಳದಿಂದ ಸಿಟಿ ಬಸ್ಸು ಹಿಡಿದು ದುರ್ಗಿಗುಡಿಯಲ್ಲಿ ಅವರನ್ನು ಸೇರುತ್ತಿದ್ದೆ. ಕ್ಲಿನಿಕ್ಕಿನ ಮೆಟ್ಟಿಲು ಕಡಿದು. ಅಪ್ಪ ಎಡಗೈಯಲ್ಲಿ ಕಂಬಿ ಹಿಡಿದು ಒಂದೊಂದು ಮೆಟ್ಟಿಲಿಗೂ ಅಪ್ ಎಂದು ಹೇಳಿ ಹತ್ತುತ್ತಿದ್ದರು. ಪಾತ್ರೆ ಅಂಗಡಿಯವನು ಮೊದಲ ಸಲ ಬೆರಗಾಗಿ ನೋಡಿದ. ಎರಡನೇ ಶನಿವಾರದಿಂದ ಅವನೇ ಕೆಳಗಿನಿಂದ, “ಹಾ, ಅಪ್ ಯಜಮಾನ್ರೆ, ಇನ್ನೊಂದು” ಎಂದು ಹುರಿದುಂಬಿಸತೊಡಗಿದ. ಅಪ್ಪ ಅವನಿಗೆ ತಿರುಗಿ ನಗುತ್ತಿದ್ದರು. ಇಳಿಯುವಾಗ ಅವರು ಏನೂ ಹೇಳುತ್ತಿರಲಿಲ್ಲ. ತುಟಿ ಬಿಗಿದು, ನನ್ನ ಹೆಗಲ ಮೇಲೆ ಕೈಯಿಟ್ಟು ಇಳಿಯುತ್ತಿದ್ದರು.

ಚಿಕಿತ್ಸಕಿಗೆ ಒಂದು ಉಪಾಯ ಹೊಳೆಯಿತು. ಜೋಡಿ ಪದಗಳಲ್ಲಿ ಒಂದು ಇದ್ದರೆ ಇನ್ನೊಂದು ಅದರ ಹಿಂದೆ ತಾನಾಗಿ ಬರುವುದುಂಟು. ಅಪ್ ಇದೆ; ಹಾಗಾದರೆ ಡೌನ್‌ನಿಂದಲೇ ಶುರು ಮಾಡೋಣ ಎಂದಳು. ಏಣಿಯ ಚಿತ್ರವೊಂದನ್ನು ಬರೆದು, ಪೆನ್ಸಿಲನ್ನು ಮೇಲಕ್ಕೆ ಓಡಿಸಿದಳು. ಅಪ್ಪ ಅಪ್ ಎಂದರು. ಪೆನ್ಸಿಲನ್ನು ಕೆಳಕ್ಕೆ ತಂದು, ತುಟಿ ತೋರಿಸಿ, “ಡೌ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಅಪ್ಪ ಏಣಿಯನ್ನು ನೋಡಿದರು. ಆಮೇಲೆ ಕಿಟಕಿಯನ್ನು ನೋಡಿದರು. ಮತ್ತೆ ಮತ್ತೆ ಮಾಡಿಸಿದಳು. ನಾನೂ ಜೊತೆಗೆ ಹೇಳಿದೆ. ಅವರ ಬಾಯಿ ಪೂರ್ತಿ ಮುಚ್ಚಿಕೊಂಡಿತು.

ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದ ಅಮ್ಮ ಮುಂದಕ್ಕೆ ಬಾಗಿದಳು.

“ಅದು ಅವರು ಆಡೋ ಮಾತಲ್ಲ” ಎಂದಳು.

ಅಪ್ಪನ ಷೆಡ್ಡಿನ ಖಲಾಸಿಗಳು ಆ ಪದವನ್ನು ಬಾಯಲ್ಲಿ ಹೇಳುತ್ತಿರಲಿಲ್ಲವಂತೆ. ತಲೆಯ ಮೇಲೆ ತೂಕ ತೂಗುತ್ತಿರುವಾಗ ಬೀಳುವ ಮಾತು ಆಡಬಾರದು. ಎತ್ತುವುದಕ್ಕೆ ಕೂಗು, ಇಳಿಸುವುದಕ್ಕೆ ಕೈ ಮಾತ್ರ. ಹೊಸದಾಗಿ ಸೇರಿದವನಿಗೆ ಮೊದಲ ದಿನ ಹೇಳಿಕೊಡುತ್ತಿದ್ದದ್ದೇ ಇದು. ಯಾರಾದರೂ ತಪ್ಪಿ ಅಂದರೆ ಆ ದಿನ ಅವನನ್ನು ಸರಪಳಿ ಮುಟ್ಟಲು ಬಿಡುತ್ತಿರಲಿಲ್ಲ. ನನಗೆ ಇದು ಹೊಸದು. ಅಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಅವಳು ದೀಪ ಆರಿಸು ಅಂದವಳಲ್ಲ, ದೊಡ್ಡದು ಮಾಡು ಅನ್ನುವವಳು. ಬಳೆ ಒಡೆಯಿತು ಅನ್ನದೆ ಬಳೆ ಹೆಚ್ಚಿತು ಅನ್ನುವವಳು. ನಾನು ಬಸ್ಸಿಗೆ ಹೊರಡುವಾಗ ಹೋಗ್ತೀನಿ ಅಂದರೆ, ಬರ್ತೀನಿ ಅನ್ನು ಎಂದು ತಿದ್ದದೆ ಬಿಟ್ಟವಳಲ್ಲ.

ಚಿಕಿತ್ಸಕಿ ನಗಲಿಲ್ಲ, ವಾದಿಸಲೂ ಇಲ್ಲ. ಆದರೆ ಪೆನ್ಸಿಲನ್ನು ಮೇಜಿನ ಮೇಲಿಟ್ಟು, “ಹತ್ತಿರ ಇರೋ ಪದ ಅದೊಂದೇ ಅಮ್ಮಾ. ಉಳಿದವು ಎಲ್ಲ ದೂರ” ಎಂದಳು.

“ದೂರದ್ದೇ ಆಗ್ಲಿ” ಎಂದಳು ಅಮ್ಮ.

ಹಗಲು–ರಾತ್ರಿ, ಬಿಸಿ–ತಣ್ಣಗೆ, ಬಾ–ಹೋಗು. ಬೇರೆ ಜೋಡಿಗಳನ್ನು ಪ್ರಯತ್ನಿಸಿದೆವು. ಅವುಗಳಲ್ಲಿ ಮೊದಲನೆಯದೇ ಅಪ್ಪನ ಬಳಿ ಇರಲಿಲ್ಲ. ಎರಡನೆಯದು ಎಲ್ಲಿಂದ ಬರಬೇಕು? ತಿಂಗಳುಗಳು ಕಳೆದವು. ನಾನು ತಾಳ್ಮೆ ಕಳೆದುಕೊಂಡೆ, ಆದರೆ ಅಪ್ಪನ ಮುಂದೆ ಅಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ: ಅವರು ಈಗ ಯಾವ ಕ್ರೇನಿನ ಕೆಳಗೂ ನಿಂತಿಲ್ಲ, ಮಂಚದ ಮೇಲೆ ಕೂತಿದ್ದಾರೆ. ಅಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. ಅವರ ತಲೆ ಮೇಲೆ ಏನಿದೆ ಅಂತ ನಿನಗೆ ಕಾಣುತ್ತಾ ಎಂದು ಮಾತ್ರ ಕೇಳಿದಳು.

ಆಗ ನಾನು ಎದುರು ಸಾಲಿನ ಮಾಮನನ್ನು ಕರೆದೆ. ಅವರು ಅಪ್ಪನ ಕ್ರೇನ್ ಡ್ರೈವರ್. ತಮಿಳಿನವರು, ಭದ್ರಾವತಿಯಲ್ಲೇ ಹುಟ್ಟಿ ಬೆಳೆದವರು. ನನ್ನನ್ನು ಇನ್ನೂ ‘ಪಾಪಾ’ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಗೂಡಿನಲ್ಲಿ, ಅಪ್ಪ ನೆಲದ ಮೇಲೆ. ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತ ಕಳೆದವರು. ಕಾಯಿಲೆ ಬಿದ್ದ ಹೊಸದರಲ್ಲಿ ಒಮ್ಮೆ ಬಂದು, ಅಪ್ಪ ಎಡಗೈ ಎತ್ತಿದಾಗ, ಎಡಗೈ ಸಿಗ್ನಲ್ ನಾನ್ ತಗೊಳ್ಳಲ್ಲಪ್ಪ, ರೂಲ್ಸ್ ಇಲ್ಲ ಎಂದು ತಮಾಷೆ ಮಾಡಿ, ಹೊರಗೆ ಬಂದು ದಾಸವಾಳದ ಗಿಡದ ಬಳಿ ನಿಂತು ಅತ್ತುಹೋಗಿದ್ದರು.

ಅವರಿಗೆ ವಿಷಯ ವಿವರಿಸಿದೆ. ನೀವು ಹೇಳಿಸಿದರೆ ಹೇಳುತ್ತಾರೆ, ಅದೊಂದು ಪದ ಬಂದರೆ ಬೇರೆ ಪದಗಳಿಗೆ ದಾರಿಯಾಗುತ್ತದೆ ಎಂದೆ. ಅವರು ಬಹಳ ಹೊತ್ತು ಕತ್ತು ಉಜ್ಜಿಕೊಂಡರು. ಆಮೇಲೆ ಒಳಗೆ ಹೋಗಿ ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತರು. ತೋರುಬೆರಳು ಎತ್ತಿದರು. ಅಪ್ಪ, “ಅಪ್” ಎಂದು, ಎಡಗೈ ಬೆರಳನ್ನು ಎತ್ತಿ ಸುತ್ತಿದರು. ಮಾಮ ಅಂಗೈ ಕವುಚಿ ಮೆಲ್ಲಗೆ ತಗ್ಗಿಸಿದರು. ಅಪ್ಪ ತಮ್ಮ ಎಡ ಅಂಗೈಯನ್ನು ಕವುಚಿ, ಅಷ್ಟೇ ಮೆಲ್ಲಗೆ, ಮಧ್ಯದಲ್ಲಿ ಎಲ್ಲೂ ತಡವರಿಸದೆ, ಮಂಚದ ಹಾಸಿಗೆಯವರೆಗೂ ಇಳಿಸಿದರು. ಏನನ್ನೋ ಸದ್ದಿಲ್ಲದೆ ನೆಲಕ್ಕೆ ಮುಟ್ಟಿಸಿದ ಹಾಗಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

“ಬಾಯಲ್ಲಿ ಹೇಳ್ಸಿ ಮಾಮ” ಎಂದೆ.

ಮಾಮ ನನ್ನ ಕಡೆ ತಿರುಗಲಿಲ್ಲ. “ಇಷ್ಟು ವರ್ಷ ಇವನು ಆ ಮಾತು ಹೇಳ್ಲಿಲ್ಲ ಪಾಪಾ. ಅದ್ಕೇ ನಾನ್ ಮೇಲಿಂದ ಧೈರ್ಯವಾಗಿ ಇಳಿಸ್ತಾ ಇದ್ದೆ. ಇವತ್ತು ನಾನೇ ಕೇಳೋದಾ?”

ಅಪ್ಪ ನಮ್ಮಿಬ್ಬರನ್ನೂ ನೋಡಿದರು. ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ಆ ಪದವೂ ಅವರಿಗೆ ಗೊತ್ತಿತ್ತು, ನಾನು ಅದನ್ನು ಏಕೆ ಬೇಡುತ್ತಿದ್ದೇನೆ ಎಂಬುದೂ ಗೊತ್ತಿತ್ತು. ಎಡಗೈ ಚಾಚಿ ನನ್ನ ಮಣಿಕಟ್ಟನ್ನು ಹಿಡಿದು, “ಅಪ್” ಎಂದರು. ಯಾವ ರಾಗಕ್ಕೂ ಸೇರದ ಅಪ್. ಅದರ ಅರ್ಥ ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಷಮಿಸು ಎಂದಿರಬಹುದು. ಬಿಡು ಎಂದಿರಬಹುದು. ಏಳು, ಮಾಮನಿಗೆ ಕಾಫಿ ತಾ ಎಂದೂ ಇರಬಹುದು. ನಾನು ಎದ್ದು ಕಾಫಿ ತಂದೆ.

ಆ ವಾರ ತರಗತಿಯಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಪಾಠವಿತ್ತು. ಕಪ್ಪು ಹಲಗೆಯ ಮೇಲೆ ಆ ಎರಡಕ್ಷರ ಬರೆದು, ಅದರ ಎಡಕ್ಕೆ ಒಂದೊಂದೇ ಪದ ಸೇರಿಸುತ್ತ ಹೋದೆ. ಗಿವ್ ಅಪ್ ಅನ್ನುವುದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಒಬ್ಬಳು ಕೇಳಿದಳು. ಮೇಲಕ್ಕೆ ಕೊಡೋದಾ ಮೇಡಂ ಎಂದು ಒಬ್ಬ ಹೇಳಿ ಎಲ್ಲರೂ ನಕ್ಕರು. ಕೈಬಿಡುವುದು ಎಂದು ಹೇಳಿ, ಹಲಗೆಯ ಕಡೆ ತಿರುಗಿ, ಮುಂದಿನ ಪದ ಬರೆದೆ.

ನಾನು ಕೈಬಿಟ್ಟಿರಲಿಲ್ಲ. ಮುಂದಿನ ಭಾನುವಾರ ಮತ್ತೆ ಅಪ್ಪನ ಮುಂದೆ ಚಿತ್ರದ ಕಾರ್ಡುಗಳನ್ನು ಹಿಡಿದು ಕೂತೆ. ಡೌನ್ ಬೇಡ, ಹಾಲು, ಹಸು, ಮನೆ. ಪಕ್ಕದ ಸ್ಟೂಲಿನ ಮೇಲೆ ಅಮ್ಮ ಬಟ್ಟಲಿನಲ್ಲಿ ರಾಗಿ ಅಂಬಲಿ ಇಟ್ಟುಹೋಗಿದ್ದಳು, ಆರಲಿ ಎಂದು. ನಾನು ಕಾರ್ಡು ತೋರಿಸುತ್ತಿದ್ದೆ, ತುಟಿ ಆಡಿಸಿ ಮೊದಲ ಅಕ್ಷರ ಹೇಳಿ ಕಾಯುತ್ತಿದ್ದೆ. ಅವರು ಪ್ರಯತ್ನಿಸುತ್ತಿದ್ದರು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. “ಅಪ್” ಎನ್ನುತ್ತಿದ್ದರು, ತಲೆ ಅಲ್ಲಾಡಿಸಿ ಅದಲ್ಲ ಎನ್ನುತ್ತಿದ್ದರು, ಮತ್ತೆ ಬಾಯಿ ತೆರೆಯುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಹಸು ಆಯಿತು. ಮನೆ ಆಯಿತು. ಇನ್ನೊಂದು, ಇದೊಂದು ಎನ್ನುತ್ತ ನಾನು ಮತ್ತೊಂದು ಕಾರ್ಡು ಎತ್ತಿದೆ. ಅವರು ಎಡಗೈಯನ್ನು ನನ್ನ ಕೈಯ ಮೇಲಿಟ್ಟು, ಕಾರ್ಡನ್ನು ಮೆಲ್ಲಗೆ ತೊಡೆಗೆ ಒತ್ತಿದರು.

“ಸಾಕು” ಎಂದರು.

ಸ್ಪಷ್ಟವಾಗಿತ್ತು. ಮೊದಲಿನದೇ ದನಿ, ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದವರ ದನಿ. ಒಂದು ಕ್ಷಣ ನನಗೆ ಪದದ ಅರ್ಥ ತಲುಪಲಿಲ್ಲ. ಎರಡನೆಯ ಪದ ಬಂತು ಅನ್ನುವುದಷ್ಟೇ ತಲುಪಿತು. ಆಮೇಲೆ ಅವರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು, ದಣಿದು, ಬಹಳ ಪ್ರೀತಿಯಿಂದ. ಅರ್ಥವೂ ತಲುಪಿತು.

ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು.

“ಯಾರು ಮಾತಾಡಿದ್ದು? ಅವರಾ? ಏನಂದ್ರು?”

“ಸಾಕು ಅಂದ್ರು” ಎಂದೆ.

ಅವಳ ಕಣ್ಣು ಸ್ಟೂಲಿನ ಮೇಲಿನ ಅಂಬಲಿಯ ಕಡೆ ಹೋಯಿತು. ಅದು ಅರ್ಧವಿತ್ತು, ಅವಳೇ ಅಷ್ಟು ಹಾಕಿಟ್ಟಿದ್ದಳೋ, ನಾನು ಮೊದಲು ಸ್ವಲ್ಪ ಕುಡಿಸಿದ್ದೆನೋ. ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತು, ನಗುತ್ತ ಅಳುತ್ತ, ಅಪ್ಪನ ಮಂಡಿಯನ್ನು ತಟ್ಟಿದಳು. “ಇಷ್ಟು ವರ್ಷ ಬಡಿಸಿದೀನಿ, ಒಂದು ದಿನ ಸಾಕು ಅಂದವರಲ್ಲ. ಇವತ್ತು ಹೊಟ್ಟೆ ತುಂಬ್ತಾ?” ಎಂದಳು. ಅಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಾರ್ಡುಗಳನ್ನು ಜೋಡಿಸಿ ಪೆಟ್ಟಿಗೆಯೊಳಗೆ ಇಡುತ್ತಿದ್ದೆ.

“ಅಪ್” ಎಂದರು ಅವಳಿಗೆ. ಹೌದು ಎನ್ನುವ ಅಪ್.

ಮುಂದಿನ ಶನಿವಾರ ನಾವು ದುರ್ಗಿಗುಡಿಗೆ ಹೋಗಲಿಲ್ಲ. ನಾನೊಬ್ಬಳೇ ಹೋಗಿ ಚಿಕಿತ್ಸಕಿಗೆ ತಿಳಿಸಿದೆ. ಎರಡನೇ ಪದ ಬಂತೆಂದಾಗ ಅವಳು ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಯಾವ ಪದ, ಯಾವಾಗ ಎಂದು ಕೇಳಿದಳು. ಹೇಳಿದೆ. ಅವಳು ಮೆಲ್ಲಗೆ ಮತ್ತೆ ಹಿಂದಕ್ಕೆ ಒರಗಿದಳು. ಕೆಳಗೆ ಪಾತ್ರೆ ಅಂಗಡಿಯವನು ಯಜಮಾನರು ಎಲ್ಲಿ ಎಂದು ವಿಚಾರಿಸಿದ. ಮನೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ ಎಂದೆ.

ಅಪ್ಪ ಇನ್ನೂ ಒಂದು ವರ್ಷದ ಮೇಲೆ ಸ್ವಲ್ಪ ಕಾಲ ಇದ್ದರು. ಎರಡನೆಯ ಸಲ ಪಾರ್ಶ್ವವಾಯು ಬಂದಾಗ ಉಳಿಯಲಿಲ್ಲ. ಆ ಪದವನ್ನು ಅವರು ಮತ್ತೆ ಆಡಲಿಲ್ಲ; ಅದರ ಹಿಂದೆ ಬೇರೆ ಪದವೂ ಬರಲಿಲ್ಲ. ಆದರೆ ಅಮ್ಮ ಕಾಯುವುದನ್ನು ಬಿಡಲಿಲ್ಲ. ದಿನವೂ ಅವಳೇ ಊಟ ಮಾಡಿಸುತ್ತಿದ್ದಳು. ಮೊದಲು ತಟ್ಟೆಯಲ್ಲಿದ್ದದ್ದು ಮುಗಿದರೆ ಏಳುತ್ತಿದ್ದವಳು, ಈಗ ಮತ್ತೊಂದು ಸಲ ಅನ್ನ ಹಾಕಿಕೊಂಡು ಬರುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ ತಾನೇ ಆ ಮಾತು ಬಂದದ್ದು ಎಂದು ಅವಳ ಲೆಕ್ಕ. ಇನ್ನೊಂದು ತುತ್ತು ಕಲೆಸಿ, ಬಾಯಿಯ ಹತ್ತಿರ ಹಿಡಿದು, ಅವರ ತುಟಿಯನ್ನೇ ನೋಡುತ್ತ ಒಂದು ಕ್ಷಣ ತಡೆಯುತ್ತಿದ್ದಳು, ಅವರು ಹೇಳಲಿ ಎಂದು. ಅಪ್ಪ ಅವಳ ಮುಖ ನೋಡುತ್ತಿದ್ದರು. ಅವಳಿಗೆ ಅದು ಎಷ್ಟು ಬೇಕಾಗಿದೆ ಎಂದು ಅವರಿಗೆ ಕಾಣುತ್ತಿತ್ತು. ಕೊಡಲು ಅವರ ಬಳಿ ಇರಲಿಲ್ಲ. ಹಸಿವಿಲ್ಲದಿದ್ದರೂ ಬಾಯಿ ತೆರೆಯುತ್ತಿದ್ದರು.